ಅರ್ಜಿ ನಮೂನೆಯಲ್ಲಿ ರೇಷ್ಮೆಹುಳು

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಗೆ ಇರುವ ದೊಡ್ಡ ಗುಣವೆಂದರೆ, ವಿದ್ಯಾರ್ಥಿಯ ವ್ಯಕ್ತಿತ್ವದ ಬಗ್ಗೆ ಅದಕ್ಕೆ ಎಳ್ಳಷ್ಟೂ ಕುತೂಹಲವಿಲ್ಲ. ಎಂಜಿನಿಯರಿಂಗ್ ರ‍್ಯಾಂಕನ್ನು ಸಿಇಟಿಯ ಅಂಕಕ್ಕೂ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಕ್ಕೂ ಸಮಪಾಲು ಕೊಟ್ಟು ನಿರ್ಧರಿಸುವ ಈ ಪದ್ಧತಿಯಲ್ಲಿ, ನಾಗಮಂಗಲದ ಹುಡುಗನೊಬ್ಬ ಮೊಬೈಲಿನಲ್ಲೇ ಪೈಥಾನ್ ಕಲಿತಿದ್ದಾನೆಂಬುದು ಅವನ ಸ್ವಂತ ವಿಷಯ. ಪ್ರಾಧಿಕಾರ ಕೇಳುವುದು ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು, ಗ್ರಾಮೀಣ ಮೀಸಲಾತಿ ಬೇಕಾದರೆ ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದ ದಾಖಲೆಯನ್ನು. ಆದುದರಿಂದ ಶ್ರೀರಂಗಪಟ್ಟಣದ ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬುವವರಿಗೆ ತಮ್ಮನ್ನು ತಾವು ಬಣ್ಣಿಸಿಕೊಳ್ಳಬೇಕಾದ ಸಂಕಟ ಒದಗುವುದಿಲ್ಲ.

ಈ ನೆಮ್ಮದಿ ಕೆಡುವುದು ಯಾರಾದರೂ ಅಮೆರಿಕದ ಕಡೆ ಕಣ್ಣು ಹಾಯಿಸಿದಾಗ. ಅಲ್ಲಿನ ಸಾವಿರಕ್ಕೂ ಹೆಚ್ಚು ಕಾಲೇಜುಗಳು ಒಪ್ಪುವ ‘ಕಾಮನ್ ಆ್ಯಪ್’ ಎಂಬ ಸಾಮಾನ್ಯ ಅರ್ಜಿಯಲ್ಲಿ ಹತ್ತು ಚಟುವಟಿಕೆಗಳಿಗೆ ಜಾಗವಿದ್ದು, ಒಂದೊಂದನ್ನೂ 150 ಅಕ್ಷರಗಳೊಳಗೆ ವಿವರಿಸಬೇಕು. ಜೊತೆಗೆ ಗರಿಷ್ಠ 650 ಪದಗಳ ಸ್ವಂತ ಪ್ರಬಂಧವೊಂದನ್ನು ಬರೆಯಬೇಕು. ಪ್ರಬಂಧದ ಮಟ್ಟಿಗೆ ಕೆ.ಆರ್. ಪೇಟೆ ತಾಲ್ಲೂಕು ಅಂಜಬೇಕಿಲ್ಲ, ಏಕೆಂದರೆ ‘ಹಗಲುಗನಸುಗಳು’ ಬರೆದ ಎ.ಎನ್. ಮೂರ್ತಿರಾಯರು 1900ರಲ್ಲಿ ಹುಟ್ಟಿದ್ದು ಅಲ್ಲಿನ ಅಕ್ಕಿಹೆಬ್ಬಾಳಿನಲ್ಲಿ. ಆದರೆ ಹಗಲುಗನಸನ್ನು ನಾಯಕತ್ವದ ಗುಣವೆಂದು ಪ್ರವೇಶಾಧಿಕಾರಿಗಳು ಒಪ್ಪುವರೇ ಎಂಬುದು ಬೇರೆ ಮಾತು.

ಹತ್ತು ಚೌಕಗಳನ್ನು ತುಂಬಲು ಮೊದಲು ಒದಗುವವು ಆನ್‌ಲೈನ್ ಕೋರ್ಸುಗಳು. ಇವುಗಳ ಪ್ರಮಾಣಪತ್ರಗಳಲ್ಲಿ ಎರಡು ಜಾತಿಗಳನ್ನು ಗುರುತಿಸಬಹುದು. ವಿಡಿಯೊಗಳನ್ನು ಎರಡರಷ್ಟು ವೇಗದಲ್ಲಿ ಓಡಿಸಿ, ಕೊನೆಯ ಪ್ರಶ್ನೆಗಳಿಗೆ ಉತ್ತರ ಸರಿಯಾಗುವವರೆಗೂ ಒತ್ತಿ ಪಡೆದದ್ದು ಒಂದು. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿರುವಂತೆ, ವಾರವಾರದ ಮನೆಗೆಲಸಕ್ಕೆ ನೂರರಲ್ಲಿ 25 ಅಂಕ ಬಂದರೂ ಉಳಿದ 75ಕ್ಕೆ ಪರೀಕ್ಷಾ ಕೇಂದ್ರದಲ್ಲಿ ಮೇಲ್ವಿಚಾರಕರ ಎದುರು ಕುಳಿತು ಬರೆದು ಪಡೆದದ್ದು ಇನ್ನೊಂದು. ಅರ್ಜಿ ಓದುವವರಿಗೆ ಈ ಭೇದ ತಿಳಿದಿರುತ್ತದೆ. ಪ್ರಮಾಣಪತ್ರಗಳನ್ನು ಲ್ಯಾಮಿನೇಟ್ ಮಾಡಿಸುವ ಪೋಷಕರಿಗೆ ತಿಳಿದಿರುವುದಿಲ್ಲ.

ಕೋರ್ಸುಗಳಾದ ಮೇಲೆ ‘ಸ್ವತಂತ್ರ ಯೋಜನೆ’ಯಿಂದ ಚೌಕ ತುಂಬಬೇಕಾಗಿ ಬಂದಾಗ ನಿಜವಾದ ತೊಡಕು ಆರಂಭವಾಗುತ್ತದೆ. ರೇಷ್ಮೆ ಸಾಕುವ ಮನೆಯ ಹುಡುಗಿ ಅಲ್ಲಿ ಏನೂ ಇಲ್ಲವೆಂದು ಬರೆದು ಎದ್ದು ಹೋಗುವುದು ಹುಳುವಿಗೆ ಸೊಪ್ಪು ಹಾಕಲು. ಚಾಕಿ, ಎಂದರೆ ಎಳೆಹುಳುವಿನ ಹಂತದಲ್ಲಿ 27-28 ಡಿಗ್ರಿ ಉಷ್ಣಾಂಶ ಕಾಯಬೇಕು, ಬೆಳೆದಂತೆ ಅದನ್ನು 24-25ಕ್ಕೆ ಇಳಿಸಬೇಕು, ಹುಳು ಮೇವು ಬಿಟ್ಟು ಪೊರೆ ಕಳಚುವ ನಾಲ್ಕು ‘ಜ್ವರ’ಗಳನ್ನು ಗುರುತಿಸಬೇಕು, ಊಜಿ ನೊಣ ನುಗ್ಗದಂತೆ ಪರದೆ ಕಟ್ಟಬೇಕು, ಹಣ್ಣಾದ ಹುಳುಗಳನ್ನು, ಅವು ಪರೀಕ್ಷೆಯ ಹಿಂದಿನ ರಾತ್ರಿಯೇ ಹಣ್ಣಾದರೂ, ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಇಷ್ಟನ್ನೂ ಹವಾನಿಯಂತ್ರಿತ ಕೊಠಡಿಯಲ್ಲಿ ಬಿಳಿ ಕೋಟು ತೊಟ್ಟು ಮಾಡಿದರೆ ಸಂಶೋಧನೆಯಾಗುತ್ತದೆ, ಅಟ್ಟಣೆಯ ಕೆಳಗೆ ಮಾಡಿದರೆ ಮನೆಗೆಲಸವಾಗುತ್ತದೆ. ಸೋಜಿಗವೆಂದರೆ ಆ ಅಮೆರಿಕದ ಅರ್ಜಿಯ ಪಟ್ಟಿಯಲ್ಲೇ ‘ಕೌಟುಂಬಿಕ ಹೊಣೆ’ ಎಂಬ ವಿಭಾಗವಿದೆ. ಅದನ್ನು ಬಿಟ್ಟು ‘ಕೃತಕ ಬುದ್ಧಿಮತ್ತೆಯಲ್ಲಿ ಅಪಾರ ಆಸಕ್ತಿ’ ಎಂದು ಬರೆಸುವುದು ಪ್ರವೇಶ ಸಲಹೆಗಾರರ ಕೃಪೆ. ಕಿಟಕಿಗೆ ಒದ್ದೆ ಗೋಣಿ ಕಟ್ಟುವ ಮೊದಲು ಎಷ್ಟು ಹುಳು ಸತ್ತವು, ಆಮೇಲೆ ಗೂಡಿನ ತೂಕ ಎಷ್ಟಾಯಿತು ಎಂದು ಎರಡು ಬೆಳೆಗಳ ಲೆಕ್ಕ ಬರೆದಿಟ್ಟವಳಿಗೆ 150 ಅಕ್ಷರ ಸಾಲದೆ ಬರಬಹುದೇ ಹೊರತು ಹೆಚ್ಚಾಗಲಾರದು.

ಸ್ವತಂತ್ರ ಯೋಜನೆಗೆ ಮೇಲ್ಪಂಕ್ತಿ ಬೇಕಾದವರು ಪಾಂಡವಪುರದ ಪಕ್ಕದ ಹರಳಹಳ್ಳಿಗೆ ಹೋಗಬಹುದು. ಬಸ್ ಕಂಡಕ್ಟರಾಗಿದ್ದು, ಬಳಿಕ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಸಂಬಳವನ್ನು ಸುರಿದು ಕೂಡಿಸಿದ ‘ಪುಸ್ತಕ ಮನೆ’ಯಲ್ಲಿ ಪುಸ್ತಕಗಳು 20 ಲಕ್ಷದಷ್ಟಿವೆ ಎನ್ನುತ್ತಾರೆ. 2026ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂದಿತು; ಆದರೆ ಕೋರ್ಸ್ ಮುಗಿಸಿದ ಪ್ರಮಾಣಪತ್ರವಿಲ್ಲದ, ಅವಧಿ ಎಷ್ಟು ವಾರವೆಂದು ಹೇಳಲಾಗದ ಇಂಥ ಕೆಲಸ ಯಾವ ಚೌಕದಲ್ಲೂ ಕೂರುವಂಥದಲ್ಲ.

ಇತ್ತ ನಮ್ಮ ಸರ್ಕಾರಕ್ಕೆ ಕೈಕೆಲಸದ ತಿಳಿವಳಿಕೆಯ ಮೇಲೆ ನಂಬಿಕೆಯೇ ಇಲ್ಲವೆನ್ನುವುದು ಅನ್ಯಾಯವಾದೀತು. ಬಿ.ಎಸ್ಸಿ. ಕೃಷಿಯಂಥ ಕೋರ್ಸುಗಳಿಗೆ ಕೃಷಿಕರ ಮಕ್ಕಳ ಕೋಟಾದಲ್ಲಿ ಸೀಟು ಬಯಸುವವರು ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗಿ ಬೀಜ, ಬೆಳೆ, ಸಲಕರಣೆಗಳನ್ನು ಗುರುತಿಸಬೇಕು. ಅದಕ್ಕಾಗಿ ನಗರದಲ್ಲಿ ಬೆಳೆದ ಕೃಷಿಕರ ಮಕ್ಕಳು ಹುರುಳಿಗೂ ಹೆಸರಿಗೂ ಇರುವ ವ್ಯತ್ಯಾಸವನ್ನು ಯೂಟ್ಯೂಬಿನಲ್ಲಿ ನೋಡಿ ಕಲಿಯುತ್ತಾರೆ. ಎಂಜಿನಿಯರಿಂಗಿನಲ್ಲಿ ಕ್ರಮ ತಿರುಗುಮುರುಗು: ಪ್ರವೇಶದ ವೇಳೆ ಹಳ್ಳಿಯ ದುಡಿಮೆಗೆ ಬೆಲೆಯಿಲ್ಲ, ಪ್ರವೇಶವಾದ ಮೇಲೆ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಪದವಿ ಮುಗಿಯುವುದರೊಳಗೆ ಗಳಿಸಬೇಕಾದ 100 ಚಟುವಟಿಕೆ ಅಂಕಗಳ ಪಟ್ಟಿಯಲ್ಲಿ ಹಳ್ಳಿಯ ಉತ್ಪನ್ನಗಳ ಮಾರಾಟಕ್ಕೆ ನೆರವಾಗುವುದೂ ನೀರಿನ ನಿರ್ವಹಣೆಯೂ ಸೇರಿವೆ. ಆದ್ದರಿಂದ ಬೆಂಗಳೂರಿಗೆ ಓದಲು ಹೋದ ನಾಗಮಂಗಲದ ಹುಡುಗ ರಜೆಯಲ್ಲಿ ಊರಿಗೆ ಬಂದು, ತೆಂಗಿನ ಬುಡಕ್ಕೆ ತಾನು ಹಿಂದೆಯೂ ಹಾಯಿಸುತ್ತಿದ್ದ ನೀರನ್ನು ಈ ಸಲ ಫೋಟೊ ತೆಗೆಸಿಕೊಂಡು ಹಾಯಿಸುತ್ತಾನೆ; ವರದಿಯಲ್ಲಿ ಫಲಾನುಭವಿ ರೈತರೆಂದು ಸಹಿ ಹಾಕುವವರು ಅವನ ತಂದೆಯೇ ಆದರೂ ಆಗಬಹುದು.