ಒಂದ್ ಶೇರ್ ಮಾಡಿ ಕಾಂಬ

ಅವರ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿದೆ. ಕುಂದಾಪುರದ ಕೋಡಿಯ ಜನ ಕರೆಯುವುದು ಶೇರಣ್ಣ ಎಂದು. ಶೇರು ಮಾರುಕಟ್ಟೆಗೂ ಅವರಿಗೂ ಸಂಬಂಧವಿಲ್ಲ. ಬೀಚಿನ ಮರಳಲ್ಲಿರಲಿ, ದೀಪಸ್ತಂಭದ ದಾರಿಯಲ್ಲಿರಲಿ, ಎದುರಿಗೆ ಸಿಕ್ಕ ಮನುಷ್ಯನ ಮುಂದೆ ಮೊಬೈಲು ಹಿಡಿದು "ಹ್ವಾಯ್, ಒಂದ್ ಶೇರ್ ಮಾಡಿ ಕಾಂಬ" ಅನ್ನುವುದು ಅವರ ನಮಸ್ಕಾರ. ದೂರದಿಂದಲೇ ಅವರನ್ನು ಗುರುತಿಸಿದವರು ಸಮುದ್ರದ ಕಡೆ ತಿರುಗಿ ಸೂರ್ಯಾಸ್ತ ನೋಡತೊಡಗುತ್ತಾರೆ. ಬೆಳಿಗ್ಗೆ ಎಂಟು ಗಂಟೆಗೂ.

ವ್ಯಾಪಾರ ಮಸಾಲೆ ಪುಡಿಯದ್ದು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು ಹುರಿಯುವವರು, ಪುಡಿ ಮಾಡಿಸುವವರು, ಪೊಟ್ಟಣ ಕಟ್ಟುವವರು ಹೆಂಡತಿ. ಶೇರಣ್ಣನ ಪಾಲಿಗೆ ಬಂದದ್ದು ಪ್ರಚಾರ ಖಾತೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಕ್ಕನ ಮಗ ಒಂದು ವೆಬ್‌ಸೈಟ್ ಮಾಡಿಕೊಟ್ಟ. ಅದರ ಪ್ರತಿ ಪುಟದ ಕೆಳಗೂ ಬಣ್ಣಬಣ್ಣದ ಶೇರ್ ಬಟನ್‌ಗಳ ಸಾಲು. "ಮಾವ, ಜನ ಇದನ್ನ್ ಒತ್ರೆ ಸಾಕ್, ಪ್ರಪಂಚಕ್ಕೆಲ್ಲ ಗೊತ್ತಾತ್ತ್" ಎಂದಿದ್ದನಂತೆ. ಮಾವ ಅದನ್ನು ಮನಸ್ಸಿಗೆ ಹಚ್ಚಿಕೊಂಡರು.

ಆ ಸಾಲನ್ನು ಹತ್ತಿರದಿಂದ ನೋಡಬೇಕು. ಅದರಲ್ಲಿ ಗೂಗಲ್ ಪ್ಲಸ್ ಇನ್ನೂ ಇದೆ. ಗೂಗಲ್ಲೇ 2019ರ ಏಪ್ರಿಲ್‌ನಲ್ಲಿ ಜನಸಾಮಾನ್ಯರ ಪಾಲಿಗೆ ಅದರ ಬಾಗಿಲು ಹಾಕಿತು. ಶೇರಣ್ಣನ ಪುಟದಲ್ಲಿ ಮಾತ್ರ ಕೆಂಪು ಗುಂಡಿ ಕರೆಯುತ್ತಲೇ ಇದೆ. ಟ್ವಿಟರ್ 2023ರ ಜುಲೈಯಲ್ಲಿ ಎಕ್ಸ್ ಆಯಿತು; ಇಲ್ಲಿ ನೀಲಿ ಹಕ್ಕಿ ಹಾರಿಹೋಗಿಲ್ಲ. ಪಿಂಟರೆಸ್ಟಿನ 'ಪಿ' ಎಂದರೆ ಪಾರ್ಕಿಂಗ್ ಇರಬೇಕೆಂದು ನೆರೆಮನೆಯವರು ತಿಳಿದಿದ್ದಾರೆ. ಎಲ್ಲರೂ ಬಳಸುವ ವಾಟ್ಸ್‌ಆ್ಯಪಿನ ಹಸಿರು ಬಟನ್ ಕಟ್ಟಕಡೆಗೆ, ಬೆರಳಿಗೆ ಸಿಗದಷ್ಟು ಅಂಚಿನಲ್ಲಿದೆ. ಒಂದೇ ಇದ್ದರೆ ಬಡತನ ಕಾಣುತ್ತದೆ ಎಂಬುದು ಶೇರಣ್ಣನ ಅಭಿಪ್ರಾಯ.

ಇನ್ನು ಲಿಂಕ್ ಕಳಿಸಿದಾಗ ಜೊತೆಗೆ ಮೂಡುವ ಚಿತ್ರ. ಪುಟದ ಒಳಗೆ, ನಮಗೆ ಕಾಣದ ಕಡೆ, ಇಂಥ ಚಿತ್ರ ತೋರಿಸು ಎಂದು ಒಂದು ಸಾಲು ಬರೆದಿಡಬೇಕು. ಅಳಿಯ ಎಲ್ಲಿಂದಲೋ ತಂದ ಸಿದ್ಧ ವಿನ್ಯಾಸದ ಚಿತ್ರವನ್ನು ಬದಲಿಸಲು ಮರೆತ. ಹಾಗಾಗಿ ಕುಂದಾಪುರದ ಕೋಳಿಸಾರಿನ ಮಸಾಲೆಯ ಲಿಂಕ್ ಯಾರಿಗೆ ಹೋದರೂ, ಬಿಳಿಯ ಹೆಂಗಸೊಬ್ಬಳು ಬಟ್ಟಲು ಹಿಡಿದು ನಗುನಗುತ್ತಾ ಹಸಿ ಸೊಪ್ಪು ತಿನ್ನುತ್ತಾಳೆ. "ಮಸಾಲಿ ಬಿಟ್ಟ್ ಈ ಹೆಣ್ಣ್ ಸೊಪ್ಪ್ ತಿಂತಿತ್ತಲೆ ಮಾರಾಯ್ರೆ!" ಎಂದರು ಮೀನು ಮಾರುವ ಅಕ್ಕ. ಅಳಿಯ ಐದು ನಿಮಿಷದಲ್ಲಿ ತೆಗೆಯುತ್ತೇನೆಂದರೂ ಶೇರಣ್ಣ ಒಪ್ಪಲಿಲ್ಲ. ಫಾರಿನ್ ಕಳೆ ಬಂದಿದೆಯಂತೆ.

2018ರ ಜುಲೈಯಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ತಂದದ್ದು ಸುಳ್ಳು ಸುದ್ದಿ ನಂಬಿ ಜನ ಜನರನ್ನೇ ಹೊಡೆದು ಕೊಲ್ಲುತ್ತಿದ್ದ ಕಾರಣಕ್ಕೆ. ಶೇರಣ್ಣ ಅದನ್ನು ತಮ್ಮ ಮಸಾಲೆಯ ವಿರುದ್ಧ ಅಮೆರಿಕದವರು ಹೂಡಿದ ಸಂಚು ಎಂದೇ ನಂಬಿದ್ದಾರೆ. ಊಟವಾದ ಮೇಲೆ ಜಗಲಿಯಲ್ಲಿ ಕೂತು ಐದೈದಾಗಿ ಕಳಿಸುತ್ತಾರೆ. ಒಳಗಿನಿಂದ "ಮೊಬೈಲ್ ಆಚಿಗಿಟ್ಟ್ ಮೆಣ್ಸ್ ಒಂಚೂರ್ ಕೈಯಾಡ್ಸಿ" ಎಂಬ ಕೂಗು ಬಂದರೆ, ಉತ್ತರ: "ಡ್ಯೂಟಿಲಿದ್ದೆ."

ಆಸಾಡಿ ಅಮಾಸಿಗೆ ವಿಶ್ವ ಕುಂದಾಪ್ರ ಕನ್ನಡ ದಿನದ ಶುಭಾಶಯ, ಕೆಳಗೆ ಲಿಂಕ್. ಯಕ್ಷಗಾನದ ಕರಪತ್ರ, ಕೆಳಗೆ ಲಿಂಕ್. ಇಷ್ಟರವರೆಗೆ ಊರು ಸಹಿಸಿತು. ಒಂದು ದಿನ ಊರಿನ ಗ್ರೂಪಿನಲ್ಲಿ ಹಿರಿಯರೊಬ್ಬರು ತೀರಿಹೋದ ಸುದ್ದಿ ಬಂತು. ಶೇರಣ್ಣ ನಿಜವಾದ ದುಃಖದಿಂದಲೇ "ಓಂ ಶಾಂತಿ" ಎಂದು ಬರೆದರು. ಬೆರಳಿಗೆ ರೂಢಿಯಾದದ್ದು ತಾನಾಗಿ ಮುಂದುವರಿಯಿತು: "ಒಮ್ಮೆ ರುಚಿ ನೋಡಿ, ಮತ್ತೆ ಮತ್ತೆ ಬರುವಿರಿ." ಅದರ ಕೆಳಗೆ ಸೊಪ್ಪಿನ ಹೆಂಗಸು, ಅದೇ ನಗು. ಅಡ್ಮಿನ್ ಅವರನ್ನು ಹದಿನೈದು ದಿನ ಹೊರಗಿಟ್ಟರು.

ಆ ವರ್ಷದ ಕೋಟೇಶ್ವರದ ಕೋಡಿ ಹಬ್ಬಕ್ಕೆ ಹೊಸ ಉಪಾಯ ಹೊಳೆಯಿತು. ಮದುವೆಯಾದ ಹೊಸ ಜೋಡಿಗಳು ಕೋಟಿಲಿಂಗೇಶ್ವರನ ತೇರಿಗೆ ಬಂದು ಕಬ್ಬು ಕೊಂಡುಹೋಗುವುದು ಇಲ್ಲಿಯ ಪದ್ಧತಿ. ಹೊಸ ಸಂಸಾರ ಎಂದರೆ ಹೊಸ ಅಡುಗೆಮನೆ, ಹೊಸ ಮಸಾಲೆ ಡಬ್ಬಿ! ಪರಿಚಯದ ಕಬ್ಬಿನ ವ್ಯಾಪಾರಿಯ ಕಾಲು ಹಿಡಿದು ಜಲ್ಲೆಗಳಿಗೆಲ್ಲ ಕ್ಯೂಆರ್ ಕೋಡಿನ ಚೀಟಿ ಅಂಟಿಸಿದರು. ಕಬ್ಬೇನೋ ಖರ್ಚಾಯಿತು. ಚೀಟಿ ಸಿಪ್ಪೆಯ ಜೊತೆ ಹೋಯಿತು.

ಜನರಿಗೆ ಶೇರಣ್ಣನ ಮೇಲೆ ದ್ವೇಷವೇನಿಲ್ಲ. ಕೇಳಿದಾಗ ದಾಕ್ಷಿಣ್ಯಕ್ಕೆ ಒತ್ತುತ್ತಾರೆ. ಕಳಿಸಿದವರೂ ಓದಿರುವುದಿಲ್ಲ, ಪಡೆದವರೂ ತೆರೆಯುವುದಿಲ್ಲ. ನನಗನಿಸುವುದಿಷ್ಟು: ಶೇರ್ ಮಾಡುವವರು ವ್ಯಾಪಾರಿಗೆ ಉಪಕಾರ ಮಾಡಲೆಂದು ಮಾಡುವುದಿಲ್ಲ, ತಮ್ಮ ತಂಗಿಗೋ ಗೆಳೆಯನಿಗೋ ಬೇಕಾದದ್ದು ಸಿಕ್ಕಿತೆಂದು ಮಾಡುತ್ತಾರೆ. ಕುಂದಾಪುರದ ಶೆಟ್ಟಿ ಲಂಚ್ ಹೋಮಿನಲ್ಲಿ ಹುಟ್ಟಿತೆನ್ನುವ ಚಿಕನ್ ಘೀ ರೋಸ್ಟ್ ಬೆಂಗಳೂರು, ಮುಂಬೈಗಳ ಮೆನು ಹತ್ತಿದ್ದು ಯಾರೋ ಬಟನ್ ಒತ್ತಿದ್ದರಿಂದಲ್ಲ, ತಿಂದವರು ಊರಿಗೆ ಹೋಗಿ ಸುಮ್ಮನಿರಲಾರದೆ. ಶೇರಣ್ಣನ ವೆಬ್‌ಸೈಟಿನಲ್ಲಿ ಹಂಚಿಕೊಳ್ಳುವಂಥದ್ದು ಏನಿದೆ? 'ನಮ್ಮ ಬಗ್ಗೆ', 'ನಮ್ಮ ಧ್ಯೇಯ', 'ನಮ್ಮನ್ನು ಸಂಪರ್ಕಿಸಿ'. ಕೋಳಿಸಾರಿಗೆ ಎಷ್ಟು ಚಮಚ ಪುಡಿ ಹಾಕಬೇಕೆಂದು ಮಾತ್ರ ಎಲ್ಲೂ ಇಲ್ಲ. ಅದು ಹೆಂಡತಿಗೆ ಗೊತ್ತು. ಅವರನ್ನು ಯಾರೂ ಕೇಳಿಲ್ಲ.

ಹಾಗೆಂದು ಫಲವೇ ಇಲ್ಲವೆನ್ನಲಾಗದು. ಒಮ್ಮೆ ಲಿಂಕಿನಿಂದಲೇ ಒಂದು ಆರ್ಡರ್ ಬಂತು, ಗಂಗೊಳ್ಳಿಯಿಂದ. ಕೋಡಿಯ ತುದಿಯಲ್ಲಿ ನಿಂತರೆ ಅಳಿವೆಯಾಚೆ ಅಲ್ಲಿಯ ದೋಣಿಗಳು ಕಣ್ಣೆದುರೇ. ಲಿಂಕ್ ಕ್ಷಣದಲ್ಲಿ ದಾಟಿತ್ತು. ಕಾಲು ಕೆ.ಜಿ. ಪುಡಿ ಮಾತ್ರ ಶೇರಣ್ಣನ ಸ್ಕೂಟರಿನಲ್ಲಿ ಕುಂದಾಪುರ, ಹೆಮ್ಮಾಡಿ, ತ್ರಾಸಿ ಸುತ್ತಿ ಹೋಗಬೇಕಾಯಿತು. ಪೆಟ್ರೋಲಿನ ಲೆಕ್ಕ ಹೆಂಡತಿ ಬರೆದಿಟ್ಟಿದ್ದಾರೆ. ಶೇರಣ್ಣ ಬರೆದದ್ದು ಸ್ಟೇಟಸ್ಸಿನಲ್ಲಿ: "ಈಗ ನಮ್ಮ ಉತ್ಪನ್ನ ಹೊರ ಊರುಗಳಲ್ಲೂ ಲಭ್ಯ."

ಪುಡಿ ನಿಜಕ್ಕೂ ಚೆನ್ನಾಗಿದೆ, ನಮ್ಮ ಮನೆಗೂ ಅದೇ ಬರುವುದು. ಕೋಡಿ ಕಡೆ ಬಂದರೆ ಖಂಡಿತ ಕೊಳ್ಳಿ. ಆದರೆ ಹೆಂಡತಿ ಇರುವ ಹೊತ್ತು ನೋಡಿ ಹೋಗಿ, ನಿಮ್ಮ ನಂಬರ್ ಮಾತ್ರ ಕೊಟ್ಟು ಬರಬೇಡಿ.