ನೆಲದಡಿ ಎಣ್ಣೆ, ತಲೆಮೇಲೆ ತೆರಿಗೆ

ಸರ್ಕಾರಕ್ಕೆ ಕರುಣೆ ಇಲ್ಲ ಎನ್ನಬೇಡಿ. ಇದೆ. ನೆಲದಡಿ ಎಣ್ಣೆ ಟ್ಯಾಂಕ್ ಇಟ್ಟವರನ್ನು ಕಂಡರೆ ಅದರ ಕರುಳು ಚುರುಕ್ ಎನ್ನುತ್ತದೆ. ಷರತ್ತು ಒಂದೇ: ಟ್ಯಾಂಕ್ ದೊಡ್ಡದಿರಬೇಕು.

ಬೆಂಗಳೂರಿನ ವೈಟ್‌ಫೀಲ್ಡಿನ ಪೆಟ್ರೋಲ್ ಬಂಕುಗಳನ್ನೇ ನೋಡಿ. ನೆಲದಡಿಯ ಟ್ಯಾಂಕ್ ಸಾಮಾನ್ಯವಾಗಿ ಡೀಲರನದಲ್ಲ, ತೈಲ ಕಂಪನಿಯದು. ಇಂಡಿಯನ್ ಆಯಿಲ್, ಬಿಪಿಸಿಎಲ್, ಎಚ್‌ಪಿಸಿಎಲ್. ಮೂರೂ ಸರ್ಕಾರಿ ಮಕ್ಕಳು. 2022ರ ಅಕ್ಟೋಬರಿನಲ್ಲಿ ಕೇಂದ್ರ ಇವಕ್ಕೆ 22,000 ಕೋಟಿ ರೂಪಾಯಿ ಕೊಟ್ಟಿತು. ಅಡುಗೆ ಗ್ಯಾಸ್ ಮಾರಿ ನಷ್ಟವಾಯಿತಂತೆ. ಪಾಪ.

2023–24ರಲ್ಲಿ ಇದೇ ಮೂವರ ಒಟ್ಟು ಲಾಭ ಸುಮಾರು 81,000 ಕೋಟಿ. ಕೊಟ್ಟದ್ದು ವಾಪಸ್ ಬರಲಿ ಎಂದು ಯಾರೂ ಕೆಮ್ಮಲಿಲ್ಲ. 2025ರ ಆಗಸ್ಟಿನಲ್ಲಿ ಮತ್ತೆ 30,000 ಕೋಟಿ ಮಂಜೂರು. ಮತ್ತೆ ಗ್ಯಾಸ್. ಮತ್ತೆ ಪಾಪ.

ಇನ್ನೂ ದೊಡ್ಡ ಟ್ಯಾಂಕ್ ನೋಡಬೇಕೇ? ಘಟ್ಟ ಇಳಿಯಿರಿ. ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾತೈಲ ಹಿಡಿಯುತ್ತದೆ. ದೇಶದ ಭದ್ರತೆಗೆ ಬೇಕು, ತಕರಾರಿಲ್ಲ. 2020ರ ಏಪ್ರಿಲ್–ಮೇನಲ್ಲಿ ಬ್ಯಾರಲ್ಲಿಗೆ ಸರಾಸರಿ 19 ಡಾಲರಿನಂತೆ ಕೊಂಡು ಗುಹೆ ತುಂಬಿಸಿದೆವು, 5,000 ಕೋಟಿ ಉಳಿಸಿದೆವು ಎಂದು ಕೇಂದ್ರ ತನ್ನ ಬೆನ್ನು ತಾನೇ ತಟ್ಟಿಕೊಂಡಿತು. ಅದೇ ಮೇ 5ರ ರಾತ್ರಿ ಪೆಟ್ರೋಲ್ ಮೇಲೆ 10, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಏರಿಸಿತು. ಅಗ್ಗದ ಎಣ್ಣೆ ಗುಹೆಗೆ. ಸುಂಕ ನಮಗೆ.

ಈಗ ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯಕ್ಕೆ ಬನ್ನಿ. ಮಂತ್ರಿಗಳ ಭಾಷಣದಲ್ಲಿ ಇದು ಏಷ್ಯಾದ ಹೆಮ್ಮೆ. ನೆಲದ ಮೇಲೆ ಇದು ಎರಡು ಲೇತ್, ಒಂದು ಶೆಡ್, ಹಿಂದುಗಡೆ ಜನರೇಟರ್, ಅದರ ಪಕ್ಕ ಡೀಸೆಲ್ ಡ್ರಮ್ಮು. ಒಂದೇ ಪಾತ್ರೆಯಲ್ಲಿ 1,000 ಲೀಟರ್ ಅಥವಾ ಒಟ್ಟು 2,500 ಲೀಟರ್ ಮೀರಿದರೆ ಲೈಸೆನ್ಸ್ ತೆಗೆಸಬೇಕು ಎನ್ನುತ್ತದೆ ಪೆಟ್ರೋಲಿಯಂ ಕಾಯ್ದೆ. ಆ ಚಿಂತೆ ಇಲ್ಲಿನ ಸಣ್ಣ ಶೆಡ್ಡಿನ ಮಾಲೀಕನಿಗಿಲ್ಲ. ಅಷ್ಟು ಡೀಸೆಲ್ ಕೊಳ್ಳುವ ತಾಕತ್ತು ಇದ್ದರಲ್ಲವೇ?

ಕಬ್ಬಿಣ ಕೊಂಡರೆ ಇವನಿಗೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಉಂಟು. ಡೀಸೆಲ್ ಕೊಂಡರೆ ಇಲ್ಲ. ಡೀಸೆಲ್ ಜಿಎಸ್‌ಟಿಯ ಹೊರಗಿದೆ. 2021ರ ಸೆಪ್ಟೆಂಬರಿನಲ್ಲಿ ಲಖನೌದಲ್ಲಿ ಸೇರಿದ ಜಿಎಸ್‌ಟಿ ಮಂಡಳಿ, ಅದನ್ನು ಒಳಗೆ ತರಲು ಇನ್ನೂ ಕಾಲ ಬಂದಿಲ್ಲ ಎಂದು ಕೈತೊಳೆದುಕೊಂಡಿತು. ಕೂತರೆ ನಿಂತರೆ ಕಚ್ಚಾಡುವ ಪಕ್ಷಗಳಿಗೆ ಇಲ್ಲಿ ಮಾತ್ರ ಒಮ್ಮತ!

ಅದೇ ತಿಂಗಳು ಇಂಧನ ಬೆಲೆ ವಿರೋಧಿಸಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಎತ್ತಿನಗಾಡಿ ಏರಿ ವಿಧಾನಸೌಧಕ್ಕೆ ಹೊರಟಿದ್ದರು. ಅವರೇ ಕುರ್ಚಿ ಏರಿದ ಮೇಲೆ, 2024ರ ಜೂನ್ 15ರಂದು, ಮಾರಾಟ ತೆರಿಗೆ ಏರಿಸಿದರು. ಲೀಟರಿಗೆ ಮೂರು ರೂಪಾಯಿಯ ಆಸುಪಾಸು ಹೊರೆ. ಕೇಂದ್ರವೇನು ಕಡಿಮೆಯೇ? ಲೋಕಸಭಾ ಚುನಾವಣೆ ಘೋಷಣೆಗೆ ಎರಡು ದಿನ ಮುಂಚೆ 2 ರೂಪಾಯಿ ಇಳಿಸಿತ್ತು. ವೋಟಿಗೆ ಮುಂಚೆ ಇಳಿದದ್ದು ಎರಡು, ಫಲಿತಾಂಶದ ನಂತರ ಏರಿದ್ದು ಮೂರು. 2025ರ ಏಪ್ರಿಲ್ 1ಕ್ಕೆ ರಾಜ್ಯದ ಡೀಸೆಲ್ ತೆರಿಗೆ ಶೇಕಡಾ 21.17 ಆಯಿತು. ಕೇಳಿದರೆ, ನೆರೆ ರಾಜ್ಯಗಳಿಗಿಂತ ನಮ್ಮಲ್ಲಿ ಕಡಿಮೆ ಎಂಬ ಉತ್ತರ. ಎತ್ತುಗಳು ಎಲ್ಲಿವೆಯೋ.

ಅಮೆರಿಕದಲ್ಲೂ ಎಣ್ಣೆಯ ಮೇಲೆ ತೆರಿಗೆ ಇದೆ. ಆದರೆ 1986ರಲ್ಲೇ ಪ್ರತ್ಯೇಕ ನಿಧಿ ಮಾಡಿ, ಗ್ಯಾಲನ್ನಿಗೆ ಸೆಂಟಿನ ಹತ್ತನೇ ಒಂದು ಭಾಗವನ್ನು ಅದಕ್ಕೆ ಹಾಕುತ್ತಾರೆ. ಸೋರುವ ನೆಲದಡಿ ಟ್ಯಾಂಕುಗಳ ಕೊಳೆ ತೊಳೆಯಲು. ಕ್ಯಾಲಿಫೋರ್ನಿಯ ಹಳೇ ಟ್ಯಾಂಕ್ ಬದಲಿಸಲು ಸಣ್ಣ ಮಾಲೀಕರಿಗೆ ಅನುದಾನ ಕೊಟ್ಟಿದೆ. ಹೌದು, ಸಣ್ಣವರಿಗೆ. ಎಂಥ ದಡ್ಡರು!

ಪೀಣ್ಯದವನು ಅನುದಾನವನ್ನೂ ಕೇಳುತ್ತಿಲ್ಲ. ಕಟ್ಟಿದ ತೆರಿಗೆಗೆ ಕ್ರೆಡಿಟ್ ಕೊಡಿ, ಇಲ್ಲವೇ ಕೈಕೊಡದ ಕರೆಂಟ್ ಕೊಡಿ ಎನ್ನುತ್ತಾನೆ. ಎರಡೂ ಸಿಗುವುದಿಲ್ಲ.

ಹಾಗಾಗಿ ಅಣ್ಣಂದಿರೇ, ಡ್ರಮ್ಮು ಎಸೆಯಿರಿ. ಶೆಡ್ಡಿನಡಿ ಗುಹೆ ಕೊರೆಯಿರಿ. ಹೆಸರಿನಲ್ಲಿ ‘ರಾಷ್ಟ್ರೀಯ’ ಎಂದು ಸೇರಿಸಿ. ಬಜೆಟ್ಟಿನಲ್ಲಿ ನಿಮಗೂ ಒಂದು ಸಾಲು ಸಿಕ್ಕೀತು. ಸೋರಿದರೆ ಏನು ಗತಿ ಎಂದು ಹೆದರಬೇಡಿ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿ ವರ್ಷಗಳಾದವು. ಅದಕ್ಕೇ ಏಳದವರು ನಿಮ್ಮ ಡೀಸೆಲ್ಲಿಗೆ ಏಳುತ್ತಾರೆಯೇ?