ಯಾರು ಗೆದ್ದರು ಅಂತ ಮಾತ್ರ ಕೇಳಬೇಡಿ

ಆಷಾಢ ಬಂತು ಅಂದರೆ ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶವಂತೂ ಇಲ್ಲವೇ ಇಲ್ಲ. ನಮ್ಮ ಮೈಸೂರಿನವರಿಗೆ ಶುಕ್ರವಾರ ಬಂದರೆ ಚಾಮುಂಡಿ ಬೆಟ್ಟ ಹತ್ತುವ ಕೆಲಸವೊಂದಿರುತ್ತದೆ. ನನಗೆ ಅದರ ಜೊತೆ ಇನ್ನೊಂದು ಕೆಲಸ. ಮೂರು ವಾರ, ದಿನಾ ಸಂಜೆ, ಫ್ರಾನ್ಸಿನ ಬೆಟ್ಟಗಳನ್ನು ಸೋಫಾ ಮೇಲೆ ಕೂತೇ ಹತ್ತುವುದು. ಟೂರ್ ಡಿ ಫ್ರಾನ್ಸ್ ಸೈಕಲ್ ಓಟ ಶುರುವಾಯಿತೋ, ನಮ್ಮ ಮನೆಯಲ್ಲಿ ಒಂಬತ್ತಕ್ಕೆ ಮುಂಚೆ ತಟ್ಟೆ ಇಡುವಂತಿಲ್ಲ. ಅಲ್ಲಿ ಸಂಜೆ ಐದೂವರೆ ಹೊತ್ತಿಗೆ ಸವಾರರು ಗುರಿ ಮುಟ್ಟಿದರೆ ಇಲ್ಲಿ ರಾತ್ರಿ ಒಂಬತ್ತು. ನಮ್ಮನೆಯವರು ಪಾಪ, ಮೊದಲೆರಡು ದಿನ ಗೊಣಗುತ್ತಾರೆ. ಮೂರನೇ ದಿನದಿಂದ ಏಳು ಗಂಟೆಗೇ ಒಂದು ಬಾಳೆಹಣ್ಣು ತಿಂದು ಪೇಪರ್ ಹಿಡಿದು ಕೂತುಬಿಡುತ್ತಾರೆ.

ಬೆಳಗ್ಗೆ ಹೂ ಕೀಳುವಾಗ ಕಾಂಪೌಂಡಿನ ಆಚೆ ಮೇಷ್ಟ್ರ ತಲೆ ಮೂಡುತ್ತದೆ. ಅವರ ದಾಸವಾಳ ನಮ್ಮ ಕಡೆಗೆ ಬಗ್ಗಿದೆ, ನಮ್ಮ ಕರಿಬೇವು ಅವರ ಕಡೆಗೆ. ಇಪ್ಪತ್ತು ವರ್ಷದಿಂದ ಆ ಲೆಕ್ಕ ಸರಿಯಾಗೇ ನಡೆದುಕೊಂಡು ಬಂದಿದೆ. ಕರಿಬೇವು ಮುರಿಯುತ್ತಾ ಅವರು ಕೇಳುವುದು ಒಂದೇ ಪ್ರಶ್ನೆ. "ಏನಮ್ಮಾ, ನಿಮ್ಮ ಸೈಕಲ್ಲಿನವರ ಸಮಾಚಾರ? ಯಾರು ಗೆದ್ದರು?"

ಇದೇನು ಕ್ರಿಕೆಟ್ಟೇ, ಒಂದೇ ಮಾತಲ್ಲಿ ಹೇಳಿ ಮುಗಿಸೋಕೆ? ನಿನ್ನೆಯ ಓಟ ಗೆದ್ದವನೊಬ್ಬ. ಇಲ್ಲಿಯವರೆಗಿನ ಒಟ್ಟು ಸಮಯದಲ್ಲಿ ಮುಂದಿರುವವನ ಹಳದಿ ಅಂಗಿ ಇನ್ನೊಬ್ಬನ ಮೈಮೇಲೆ. ಪಾಯಿಂಟ್ಸಿನ ಹಸಿರಂಗಿ ಮತ್ತೊಬ್ಬನದು, ಬೆಟ್ಟ ಹತ್ತುವವರ ಕೆಂಪು ಚುಕ್ಕಿಯ ಅಂಗಿ ಮಗದೊಬ್ಬನದು. 1990ರಲ್ಲಿ ಗ್ರೆಗ್ ಲೆಮಾಂಡ್ ಒಂದು ದಿನದ ಓಟವನ್ನೂ ಗೆಲ್ಲದೆ ಇಡೀ ಟೂರ್ ಗೆದ್ದ ಅಂತ ಒಂದು ಸಲ ಹೇಳಿದೆ. ಗಣಿತದ ಮೇಷ್ಟ್ರು, ಬಿಡುತ್ತಾರೆಯೇ? "ಒಂದು ದಿನವೂ ಮೊದಲು ಬಾರದವನು ಕ್ಲಾಸಿಗೇ ಮೊದಲು ಹೇಗಮ್ಮಾ?" ಅಂದರು. "ಎಲ್ಲಾ ಸಬ್ಜೆಕ್ಟಿನಲ್ಲೂ ಎರಡನೆಯವನಾಗಿ ಬಂದು, ಟೋಟಲ್‌ನಲ್ಲಿ ಮೊದಲು ಬರೋ ಹುಡುಗರು ಇರ್ತಿರಲಿಲ್ವಾ ಮೇಷ್ಟ್ರೇ?" ಅಂದೆ. ಅವರು ಸ್ವಲ್ಪ ಹೊತ್ತು ಕರಿಬೇವಿನ ಕಡ್ಡಿಯನ್ನೇ ನೋಡುತ್ತಾ ನಿಂತಿದ್ದರು.

ನಿಜ ಹೇಳಬೇಕೆಂದರೆ ಗೆದ್ದವರು ಯಾರು ಅನ್ನುವುದು ನನಗೇ ನೆನಪಿರುವುದಿಲ್ಲ. ನೆನಪಿಟ್ಟುಕೊಂಡರೂ ಏನು ಗ್ಯಾರಂಟಿ ಹೇಳಿ? 1999ರಿಂದ 2005ರವರೆಗೆ ಏಳು ವರ್ಷ ಆರ್ಮ್‌ಸ್ಟ್ರಾಂಗ್ ಗೆದ್ದ, ಗೆದ್ದ ಅಂತ ಕುಣಿದರು. ಉದ್ದೀಪನ ಮದ್ದು ತಗೊಂಡಿದ್ದ ಅಂತ 2012ರಲ್ಲಿ ಅಷ್ಟನ್ನೂ ಅಳಿಸಿ ಹಾಕಿದರು. ಎರಡನೆಯವನಿಗಾದರೂ ಕೊಟ್ಟರಾ? ಅದೂ ಇಲ್ಲ. ಆ ಏಳು ಸಾಲು ಇವತ್ತಿಗೂ ಖಾಲಿ. ಹಾಗಿರುವಾಗ ಯಾರು ಗೆದ್ದರು ಅನ್ನೋದು ಕೇಳಬೇಕಾದ ಪ್ರಶ್ನೆಯೇ ಅಲ್ಲ, ಅಲ್ವಾ?

ನನಗೆ ಈ ಹುಚ್ಚು ಹತ್ತಿಸಿದವನು ಮಗ. ಕೆಲಸದ ಮೇಲೆ ಗ್ರೆನೋಬಲ್‌ಗೆ ಹೋಗಿ ಕೆಲವು ವರ್ಷ ಇದ್ದ. ಸುತ್ತ ಬೆಟ್ಟ, ನಡುವೆ ಊರು. ಹಳದಿ ಅಂಗಿಯನ್ನು ಮೊಟ್ಟಮೊದಲು ತೊಡಿಸಿದ್ದು ಅದೇ ಊರಲ್ಲಿ, 1919ರ ಜುಲೈ 19ರಂದು. ಓಟ ನಡೆಸುತ್ತಿದ್ದ ಪತ್ರಿಕೆಯ ಕಾಗದದ ಬಣ್ಣ ಹಳದಿ, ಅದಕ್ಕೇ ಅಂಗಿಯೂ ಹಳದಿ ಅನ್ನುತ್ತಾರೆ. ತೊಟ್ಟವನು ಯುಜೆನ್ ಕ್ರಿಸ್ತೋಫ್. ಕ್ಯಾನರಿ ಹಕ್ಕಿ ಬಂತು ನೋಡ್ರೋ ಅಂತ ಎಲ್ಲರೂ ಛೇಡಿಸಿದರಂತೆ.

ಈ ಕ್ರಿಸ್ತೋಫನ ಕಥೆ ಕೇಳಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. 1913ರಲ್ಲಿ ಪಿರೆನೀಸ್ ಬೆಟ್ಟಸಾಲಿನ ತೂರ್ಮಲೆ ಘಟ್ಟ ಇಳಿಯುವಾಗ ಅವನ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಇವತ್ತಾದರೆ ಹಿಂದೆಯೇ ಕಾರು, ಕಾರಿನ ತಲೆ ಮೇಲೆ ಸಾಲು ಸೈಕಲ್ಲು. ಅವತ್ತಿನ ರೂಲ್ಸು ಬೇರೆ. ಏನೇ ಮುರಿಯಲಿ, ಸವಾರನೇ ಸರಿಮಾಡಿಕೊಳ್ಳಬೇಕು, ಪರರ ಕೈ ಸೋಕುವಂತಿಲ್ಲ. ಸೈಕಲ್ ಹೆಗಲ ಮೇಲೆ ಹಾಕಿಕೊಂಡು ಹತ್ತಾರು ಕಿಲೋಮೀಟರ್ ನಡೆದು ಸೇಂಟ್ ಮರಿ ದ ಕಾಂಪಾನ್ ಅನ್ನುವ ಹಳ್ಳಿ ಸೇರಿದ. ಅಲ್ಲೊಂದು ಕುಲುಮೆ. ಗಂಟೆಗಟ್ಟಲೆ ಕೂತು, ಕಬ್ಬಿಣ ಕಾಯಿಸಿ, ಬಡಿದು, ಫೋರ್ಕ್ ಬೆಸೆದ. ಕುಲುಮೆಯವನು ಬರೀ ಬಾಯಲ್ಲಿ ಹೇಳಿಕೊಡಬಹುದು, ಅಷ್ಟೇ. ಓಟದ ಅಧಿಕಾರಿಗಳು ಎದುರಿಗೇ ನಿಂತು ಕಾಯುತ್ತಿದ್ದರು. ಎಲ್ಲಾ ಮುಗಿದ ಮೇಲೆ ದಂಡ ಹಾಕಿದರು! ಯಾಕೆ ಅಂದರೆ, ತಿದಿ ಒತ್ತಿದ್ದು ಒಬ್ಬ ಹುಡುಗ. ಮೊದಲು ಹತ್ತು ನಿಮಿಷ ಅಂದು, ಆಮೇಲೆ ಮೂರಕ್ಕೆ ಇಳಿಸಿದರು. ಎಂಥಾ ಔದಾರ್ಯ.

ತಿದಿ ಅಂದಾಗ ನನಗೆ ತಾತನ ಊರು ನೆನಪಾಗದೆ ಇರುವುದಿಲ್ಲ. ಬೇಸಿಗೆ ರಜಕ್ಕೆ ಹೋದರೆ ನಮ್ಮ ಠಿಕಾಣಿ ಆಚಾರರ ಕುಲುಮೆ ಮುಂದೆ. ತಿದಿ ಒತ್ತಿದವರಿಗೆ ಒಂದು ಚೂರು ಬೆಲ್ಲ. ಹಗ್ಗ ಜಗ್ಗಿದರೆ ಅದು ಮುದುಕರ ಹಾಗೆ ಉಸ್ಸಂತ ಉಸಿರು ಬಿಡುವುದು, ಬೂದಿ ಹೊದ್ದು ಮಲಗಿದ್ದ ಇದ್ದಲು ಕೆಂಪಗೆ ಕಣ್ಣು ಬಿಡುವುದು. ಒಂದು ಸಲ ಬೆಲ್ಲ ಚೀಪುತ್ತಾ ಮೈಮರೆತು ಜಗ್ಗುವುದು ನಿಲ್ಲಿಸಿದ್ದೆ. ಗುಳ ತಣ್ಣಗಾಗಿ ಆಚಾರರು ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ. ಅವರ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದು ಕೈಯಲ್ಲಿ ಸುತ್ತಿಗೆ. ತಿದಿಗೆ ಮೂರನೇ ಕೈ ಎಲ್ಲಿಂದ ತರೋದು? ಆ ರೂಲ್ಸು ಬರೆದವರು ಹುಟ್ಟಿದಾಗಿನಿಂದ ಒಂದು ಕುಲುಮೆ ಕಂಡಿರಲಿಕ್ಕಿಲ್ಲ ಬಿಡಿ.

ಕ್ರಿಸ್ತೋಫನ ಗ್ರಹಚಾರ ಅಲ್ಲಿಗೂ ಮುಗಿಯಲಿಲ್ಲ. 1919ರಲ್ಲಿ ಹಳದಿ ಅಂಗಿ ತೊಟ್ಟು, ಪ್ಯಾರಿಸ್ ಇನ್ನೇನು ಬಂತು ಅನ್ನುವಾಗ ಮತ್ತೆ ಅದೇ ಫೋರ್ಕ್ ಮುರಿಯಿತು. ಅವನು ಟೂರ್ ಗೆಲ್ಲಲೇ ಇಲ್ಲ. ಆ ವರ್ಷ ಗೆದ್ದವನ ಹೆಸರು ಕೇಳಿದರೆ ನಾನು ಮಗನಿಗೆ ಫೋನ್ ಮಾಡಬೇಕು.

ಪುಲಿದೋರ್ ಅಂತ ಇನ್ನೊಬ್ಬ. ಮೂರು ಸಲ ಎರಡನೆಯವನು, ಐದು ಸಲ ಮೂರನೆಯವನು. ಒಂದೇ ಒಂದು ದಿನಕ್ಕೂ ಹಳದಿ ಅಂಗಿ ಮೈಗೆ ತಾಗಲಿಲ್ಲ. ಆದರೂ ಫ್ರಾನ್ಸಿನ ಜನ ಗೆದ್ದವರಿಗಿಂತ ಅವನನ್ನೇ ಮುದ್ದು ಮಾಡಿದರು. ಅವನು 2019ರಲ್ಲಿ ತೀರಿಕೊಂಡ. 2021ರಲ್ಲಿ ಮಗಳ ಮಗ ಮಾತ್ಯು ವಾನ್ ಡರ್ ಪೂಲ್ ಎರಡನೇ ದಿನವೇ ಆ ಅಂಗಿ ಗೆದ್ದು, ಆಕಾಶಕ್ಕೆ ಬೆರಳು ತೋರಿಸಿ, ಆಮೇಲೆ ಬಿಕ್ಕಿ ಬಿಕ್ಕಿ ಅತ್ತ. ಅವತ್ತು ನಮ್ಮ ಮನೆ ಒಲೆ ಮೇಲಿದ್ದ ಸಾರು ತಳ ಹಿಡಿಯಿತು. ನಮ್ಮನೆಯವರು ಅದನ್ನೇ ಸುಮ್ಮನೆ ಉಂಡರು. ಅವರೂ ಪೇಪರ್ ಮಡಿಸಿಟ್ಟು ಟಿವಿ ನೋಡುತ್ತಿದ್ದದ್ದನ್ನು ನಾನೂ ಹೇಳಲಿಲ್ಲ.

ಎಲ್ಲರಿಗಿಂತ ಕೊನೆಗೆ ಬರುವವನಿಗೂ ಅಲ್ಲೊಂದು ಬಿರುದಿದೆ ನೋಡಿ, ಕೆಂಪು ಲಾಟೀನು ಅಂತ. ರೈಲಿನ ಕೊನೇ ಬೋಗಿಗೆ ತೂಗುಹಾಕುತ್ತಿದ್ದ ಕೆಂಪು ದೀಪದಿಂದ ಬಂದ ಹೆಸರು. ತಮಾಷೆ ಏನೆಂದರೆ, ಕೊನೆಯವನಿಗೆ ಇರುವ ಬೆಲೆ ಅವನಿಗಿಂತ ಸ್ವಲ್ಪ ಮುಂಚೆ ಬಂದವನಿಗಿಲ್ಲ. ಟೂರ್ ಮುಗಿದ ಮೇಲೆ ಊರೂರಲ್ಲಿ ನಡೆಯುವ ಸಣ್ಣ ಓಟಗಳಿಗೆ ದುಡ್ಡು ಕೊಟ್ಟು ಕರೆಯುವಾಗ ಕೆಂಪು ಲಾಟೀನನ್ನೂ ಕರೆಯೋರು. 1979ರಲ್ಲಿ ಆಸ್ಟ್ರಿಯಾದ ಶೋನ್‌ಬಾಖರ್, ಫ್ರಾನ್ಸಿನ ತೆನಿಯೇರ್ ಇಬ್ಬರಿಗೂ ಕೊನೆಯ ಸ್ಥಾನಕ್ಕೆ ಜಿದ್ದಾಜಿದ್ದಿ. ಒಬ್ಬೊಬ್ಬರೇ ಗಡಿಯಾರದ ಎದುರು ಓಡುವ ದಿನ ಬಂತು. ತೀರಾ ನಿಧಾನವಾದರೆ ಮನೆಗೆ ಕಳಿಸುತ್ತಾರೆ, ಸ್ವಲ್ಪ ಬೇಗ ಹೋದರೆ ಕೊನೆಯ ಸ್ಥಾನ ಕೈಬಿಟ್ಟಿತು. ತೆನಿಯೇರ್ ಲೆಕ್ಕ ತಪ್ಪಿ ಅತಿ ನಿಧಾನ ಮಾಡಿ ಹೊರಗೆ ಬಿದ್ದ. ಶೋನ್‌ಬಾಖರ್ ಅಳೆದು ಸುರಿದು ನಿಧಾನ ಮಾಡಿ ಉಳಿದುಕೊಂಡ. ಇದು ಅತಿಯಾಯಿತು ಅಂತ ಮರುವರ್ಷ ಕೆಲವು ದಿನಗಳ ಓಟದ ಕೊನೆಗೆ ಕೊನೆಯವನನ್ನು ಹೊರಗೆ ಹಾಕುವ ನಿಯಮ ತಂದರು. ಅವನು ಆ ವರ್ಷವೂ ಕೊನೆಯವನಾಗೇ ಪ್ಯಾರಿಸ್ ಮುಟ್ಟಿದ! ಈ ಲೆಕ್ಕ ಹೇಳಿದ ದಿನ ಮೇಷ್ಟ್ರಿಗೆ ಬಹಳ ಖುಷಿಯಾಗಿತ್ತು. "ಮೂವತ್ತೈದಕ್ಕೆ ಸರಿಯಾಗಿ ಮೂವತ್ತೈದು ತೆಗೆಯೋ ಹುಡುಗರು ದಡ್ಡರಲ್ಲಮ್ಮಾ" ಅಂದರು.

ನಾನು ರಸ್ತೆ ಬದಿಗೆ ನಿಂತು ನೋಡಿದ್ದು ಒಂದೇ ಸಲ, 2022ರ ಜುಲೈ 14. ಫ್ರಾನ್ಸಿನವರಿಗೆ ಅದು ರಾಷ್ಟ್ರೀಯ ಹಬ್ಬ, ಅವತ್ತು ಆಲ್ಪ್ ದುಯೆಜ್ ಬೆಟ್ಟ. ಬುಡದಿಂದ ತುದಿಗೆ ಇಪ್ಪತ್ತೊಂದು ತಿರುವು, ಒಂದೊಂದಕ್ಕೂ ನಂಬರು, ಬೋರ್ಡಿನ ಮೇಲೆ ಅಲ್ಲಿ ಗೆದ್ದವರ ಹೆಸರು. ನಂಬರು ಕೆಳಗಿನಿಂದ ಇಳಿಯುತ್ತಾ ಹೋಗುತ್ತದೆ. ಇಪ್ಪತ್ತೊಂದು ಅಂತ ಬರೆದಿದ್ದರೆ ನೀವಿನ್ನೂ ಬುಡದಲ್ಲೇ ಇದ್ದೀರಿ ಅಂತ ಅರ್ಥ! ನನಗದು ಗೊತ್ತಿರಲಿಲ್ಲ. ಬೆಳಗ್ಗೆ ಏಳಕ್ಕೇ ಚಿತ್ರಾನ್ನದ ಡಬ್ಬಿ, ಮೊಸರನ್ನದ ಡಬ್ಬಿ ಹಿಡಿದು ನಡೆಯತೊಡಗಿದವಳು ಇಪ್ಪತ್ತೊಂದು ನೋಡಿ, "ಅಷ್ಟು ಬೇಗ ಬಂದುಬಿಟ್ವಾ?" ಅಂದೆ. ಸೊಸೆ ಮುಖ ಆಚೆ ತಿರುಗಿಸಿಕೊಂಡಳು. ಹದಿನಾರಕ್ಕೆ ಬರುವಷ್ಟರಲ್ಲಿ ನನ್ನ ಮಂಡಿ ಸಾಕು ಅಂದಿತು. ಅಲ್ಲೇ ಛತ್ರಿ ಬಿಚ್ಚಿ ಕೂತೆವು.

ಕಾಯುವುದು, ಕಾಯುವುದು, ಕಾಯುವುದು. ರಸ್ತೆ ತುಂಬ ಬಿಳಿ ಬಣ್ಣದಲ್ಲಿ ಹೆಸರುಗಳು, ನಮ್ಮಲ್ಲಿ ಎಲೆಕ್ಷನ್ ಟೈಮಿನಲ್ಲಿ ಗೋಡೆ ಮೇಲೆ ಬರೆದ ಹಾಗೆ. ನಡುವೆ ದೊಡ್ಡದೊಂದು ಚಿಟ್ಟೆ. ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂದರೆ ಮಗ ನಕ್ಕ. ಜನ ರಸ್ತೆ ಮೇಲೆ ಪೋಲಿ ಚಿತ್ರ ಬರೆಯುತ್ತಾರಂತೆ. ಟಿವಿಯಲ್ಲಿ ಕಾಣಬಾರದು ಅಂತ, ಓಟಕ್ಕೆ ಮುಂಚೆ ಬಣ್ಣದ ಡಬ್ಬಿ ಹಿಡಿದು ಬಂದು ಅವುಗಳನ್ನು ತಿದ್ದಿ ಚಿಟ್ಟೆ, ಗೂಬೆ ಮಾಡುವುದಕ್ಕೆಂದೇ ಸಂಬಳದ ಆಳುಗಳಿದ್ದಾರಂತೆ. ಆಮೇಲೆ ನಾನು ಆ ಚಿಟ್ಟೆಯ ಕಡೆ ನೋಡಲಿಲ್ಲ. ಸುಳ್ಳು ಯಾಕೆ, ಎರಡು ಸಲ ನೋಡಿದೆ.

ನಮ್ಮ ಪಕ್ಕ ಹಾಲೆಂಡಿನ ಒಬ್ಬ ಅಜ್ಜ. ಮಡಿಸುವ ಕುರ್ಚಿ, ಮೇಲಿಂದ ಕೆಳಗೆ ಕಿತ್ತಳೆ ಬಣ್ಣದ ಬಟ್ಟೆ. ಆ ಬೆಟ್ಟದ ಏಳನೇ ತಿರುವು ಹಾಲೆಂಡಿನವರದ್ದೇ ಅಂತ ಲೆಕ್ಕ. ಇವರ ಮಂಡಿಯೂ ನನ್ನ ಮಂಡಿಯ ಹಾಗೆ ಹದಿನಾರರಲ್ಲೇ ಕೈಕೊಟ್ಟಿರಬೇಕು. ನನಗೆ ಡಚ್ ಬಾರದು, ಅವರಿಗೆ ಕನ್ನಡ ಬಾರದು. ಚಿತ್ರಾನ್ನ ಕೊಟ್ಟೆ. ಕಡಲೆಬೀಜ ಆರಿಸಿ ಆರಿಸಿ ತಿಂದು, ಹಸಿಮೆಣಸಿನಕಾಯಿಯನ್ನು ಬೀನ್ಸ್ ಅಂದುಕೊಂಡು ಕಚ್ಚಿದರು. ಮೊಸರನ್ನದ ಡಬ್ಬಿ ಆ ದಿನ ನಿಜಕ್ಕೂ ಒಂದು ಜೀವ ಉಳಿಸಿತು.

ಓಟಕ್ಕೆ ಎರಡು ಗಂಟೆ ಮುಂಚೆ ಜಾಹೀರಾತಿನ ಗಾಡಿಗಳ ಮೆರವಣಿಗೆ. 1930ರಿಂದ ನಡೆದುಬಂದ ಪದ್ಧತಿ. ಕುಣಿಯುತ್ತಾ, ಹಾಡು ಹಾಕಿಕೊಂಡು, ಟೋಪಿ, ಬಿಸ್ಕತ್ತು, ಕೀ ಚೈನು ಎಲ್ಲಾ ಎಸೆಯುತ್ತಾ ಹೋಗುತ್ತಾರೆ. ಸೂಟು ಬೂಟಿನ ದೊಡ್ಡ ಮನುಷ್ಯರು ಐದು ಪೈಸೆಯ ಕೀ ಚೈನಿಗೆ ಚರಂಡಿಗೆ ಹಾರುವುದನ್ನು ನೋಡಬೇಕು. ನಾನೇನು ಕಡಿಮೆಯೇ? ಕೆಂಪು ಬಿಳಿ ಚೌಕಳಿಯ ಪುಟ್ಟ ಹಳೇ ಕಾರಿನಿಂದ ಏನೋ ಹಾರಿಬಂತು, ಸೆರಗೊಡ್ಡಿ ಹಿಡಿದೆ. ಬಿಚ್ಚಿ ನೋಡಿದರೆ ಹಂದಿ ಮಾಂಸದ ಸಾಸೇಜು! ಮಡಿಲಲ್ಲಿ ಕೂತಿದೆ, ಎಸೆಯೋ ಹಾಗಿಲ್ಲ, ಇಟ್ಟುಕೊಳ್ಳೋ ಹಾಗಿಲ್ಲ. ಅಜ್ಜನ ಕಡೆ ನೋಡಿದೆ. ಅಜ್ಜ ಸಾಸೇಜಿನ ಕಡೆ ನೋಡಿದರು. ತಮ್ಮ ತಲೆಯ ಕಿತ್ತಳೆ ಟೋಪಿ ತೆಗೆದು ನನ್ನ ಕೈಗಿಟ್ಟರು. ವ್ಯಾಪಾರ ಮುಗಿಯಿತು.

ಓಟವಾ? ಹೂಂ, ಅದೂ ಬಂತು. ಮೊದಲು ಹೆಲಿಕಾಪ್ಟರ್ ಸದ್ದು, ಆಮೇಲೆ ಕೆಳಗಿನ ತಿರುವುಗಳಿಂದ ಹೋ ಅನ್ನುವ ಕೂಗು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತದೆ. ಮುಂದೆ ಐದು ಜನ. ಅವರಲ್ಲಿ ಕ್ರಿಸ್ ಫ್ರೂಮ್ ಇದ್ದ. ಸರಿಯಾಗಿ ಆರು ವರ್ಷದ ಹಿಂದೆ, ಅದೇ ಜುಲೈ 14ಕ್ಕೆ, ವಾಂತೂ ಬೆಟ್ಟದಲ್ಲಿ ಸೈಕಲ್ ಮುರಿದು, ಹಳದಿ ಅಂಗಿಯಲ್ಲೇ ಏರಿನ ಮೇಲೆ ಕಾಲ್ನಡಿಗೆಯಲ್ಲಿ ಓಡಿದ್ದನಲ್ಲ, ಅವನೇ! ನಾನು "ಓಡಪ್ಪಾ ಓಡು" ಅಂತ ಕೂಗಿಬಿಟ್ಟೆ. ಸೈಕಲ್ ಮೇಲಿದ್ದವನಿಗೆ ಓಡು ಅನ್ನಬಾರದಿತ್ತು ಅಂತ ಆಮೇಲೆ ಹೊಳೆಯಿತು. ಅವತ್ತು ಗೆದ್ದದ್ದು ಇಪ್ಪತ್ತೆರಡು ವರ್ಷದ ಪಿಡ್‌ಕಾಕ್, ಫ್ರೂಮ್ ಮೂರನೆಯವನು. ಸ್ವಲ್ಪ ಹೊತ್ತಿಗೆ ಹಳದಿ ಅಂಗಿಯ ವಿಂಗೆಗೋರ್, ಬಿಳಿ ಅಂಗಿಯ ಪೊಗಾಚಾರ್. ಕೈ ಚಾಚಿದರೆ ಬೆನ್ನು ತಾಗುವಷ್ಟು ಹತ್ತಿರ. ಟಿವಿಯಲ್ಲಿ ಕಾಣದ್ದು ಅಲ್ಲಿ ಕಂಡಿತು. ತೊಡೆಯ ಮೇಲೆ ಬೆವರು ಒಣಗಿ ಬಿಳೀ ಉಪ್ಪು ಗೆರೆ ಕಟ್ಟಿತ್ತು, ಉಸಿರು ಆ ತಿದಿಯ ಹಾಗೆಯೇ ಉಸ್ಸೆನ್ನುತ್ತಿತ್ತು.

ಅವರು ಹೋದ ಮೇಲೆ ಜನ ಜಾಗ ಬಿಡತೊಡಗಿದರು. ಅಜ್ಜ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ, ನನಗೂ ಕೂತಿರು ಅಂತ ಕೈಸನ್ನೆ ಮಾಡಿದರು. ಅರ್ಧ ಗಂಟೆ ಕಳೆದ ಮೇಲೆ ಹಿಂದುಳಿದವರ ದೊಡ್ಡ ಗುಂಪು ಬಂತು. ಮುಖದಲ್ಲಿ ನೆತ್ತರಿಲ್ಲ, ಆದರೂ ಒಬ್ಬ ಯಾರಿಗೋ ಕಣ್ಣು ಹೊಡೆದ. ಅಜ್ಜ ಎದ್ದು ನಿಂತು ಅಷ್ಟು ಜನಕ್ಕೂ ಚಪ್ಪಾಳೆ ತಟ್ಟಿದರು. ಅವರ ಒಂದು ಕೈಯಲ್ಲಿ ಸಾಸೇಜ್ ಇದ್ದದ್ದರಿಂದ ಸದ್ದು ಸ್ವಲ್ಪ ಮೆತ್ತಗೆ ಬರುತ್ತಿತ್ತು.

ಆ ಟೋಪಿ ಈಗ ನಮ್ಮ ಹಿತ್ತಿಲ ಬಾಗಿಲ ಮೊಳೆಯಲ್ಲಿದೆ. ಬಿಸಿಲಿದ್ದರೆ ಹಾಕಿಕೊಂಡೇ ಹೂ ಕೀಳುವುದು. ಮೊದಲ ದಿನ ಮೇಷ್ಟ್ರು ಕಾಂಪೌಂಡಿನ ಮೇಲಿಂದ ನೋಡಿ, "ಏನಮ್ಮಾ, ಯಾವ ಪಕ್ಷ ಸೇರಿಕೊಂಡ್ರಿ?" ಅಂದರು. "ಪಕ್ಷ ಅಲ್ಲ ಮೇಷ್ಟ್ರೇ, ಹಂದಿ ಸಾಸೇಜ್ ಕೊಟ್ಟು ತಗೊಂಡಿದ್ದು" ಅಂದೆ. ತಲೆ ಥಟ್ಟನೆ ಕೆಳಗಿಳಿಯಿತು. ಅವತ್ತು ಅವರು ಕರಿಬೇವು ಮುರಿಯಲಿಲ್ಲ.